ಸೋರಿಯಾದಿಂದ ಕಂಠೀರವದವರೆಗೆ

ಸ್ಪೇನ್ ದೇಶದ ಕಾಲ್ಚೆಂಡಾಟವೆಂದೊಡನೆ ನಮ್ಮ ಕಣ್ಣೆದುರಿಗೆ ನಿಲ್ಲುವುದು ಮ್ಯಾಡ್ರಿಡ್, ಬಾರ್ಸಿಲೋನಾ ಎಂಬ ಎರಡು ಮಹಾನಗರಗಳ ಕ್ಲಬ್ಬುಗಳು. ಅವುಗಳ ವೈಭವ, ಅವುಗಳ ಪರಸ್ಪರ ಸ್ಪರ್ಧೆ, ಅಲ್ಲಿನ ಆಟಗಾರರ ಜೀವನದ ಸಣ್ಣಪುಟ್ಟ ವಿವರಗಳು ಸಹ ನಮ್ಮ ಊರಿನ ಹುಡುಗರಿಗೆ ಬಾಯಿಪಾಠವಾಗಿವೆ. ಆದರೆ ಆ ದೇಶದಲ್ಲಿ ಈ ಆಟವನ್ನು ವೃತ್ತಿಯಾಗಿ ಸ್ವೀಕರಿಸಿ, ಅದರಿಂದಲೇ ಸಂಸಾರವನ್ನು ನಿರ್ವಹಿಸಿ, ಹದಿನೈದು ಇಪ್ಪತ್ತು ವರ್ಷಗಳ ಕಾಲ ವಾರವಾರವೂ ಅಂಗಣಕ್ಕಿಳಿದು, ಕೊನೆಗೆ ಒಂದು ದಿನ ಬೂಟು ಬಿಚ್ಚಿಟ್ಟು ಮನೆಗೆ ನಡೆಯುವವರಲ್ಲಿ ಬಹುಸಂಖ್ಯಾತರು ಆ ಎರಡು ಸಂಸ್ಥೆಗಳಿಗೆ ಸೇರಿದವರಲ್ಲ. ಅವರ ಬಾಳು ಎರಡನೆಯ, ಮೂರನೆಯ ದರ್ಜೆಯ ಲೀಗುಗಳಲ್ಲಿ, ನಾವು ನಕಾಶೆಯನ್ನು ಬಿಡಿಸಿ ಹುಡುಕಿ ಕಂಡುಕೊಳ್ಳಬೇಕಾದ ಪಟ್ಟಣಗಳಲ್ಲಿ ಸವೆಯುತ್ತದೆ. ಅಂಥವರಲ್ಲಿ ಒಬ್ಬರ ವೃತ್ತಿಜೀವನವನ್ನು ಕುರಿತು ಈ ಹೊತ್ತು ಮಾತನಾಡಬೇಕೆಂದಿದ್ದೇನೆ. ಅವರ ಹೆಸರು ಡಿಮಾಸ್ ಡೆಲ್ಗಾಡೊ. 2017ರಿಂದ ನಾಲ್ಕು ಋತುಗಳ ಕಾಲ ಬೆಂಗಳೂರು ಎಫ್‌ಸಿ ತಂಡದ ಮಧ್ಯರಂಗದಲ್ಲಿ ಆಡಿದ ಈ ಸ್ಪೇನಿನವರನ್ನು ಕಂಠೀರವ ಕ್ರೀಡಾಂಗಣದ ಪಶ್ಚಿಮದ ಮೆಟ್ಟಿಲುಗಳಲ್ಲಿ ನಿಂತು ಹಾಡಿ ಕೂಗಿ ಆಟ ನೋಡಿದವರು ಚೆನ್ನಾಗಿ ಬಲ್ಲರು. ಅವರು ಎಲ್ಲಿಂದ ಬಂದರು, ಯಾವ ಯಾವ ಊರುಗಳ ನೀರು ಕುಡಿದು ಬಂದರು ಎಂಬುದನ್ನು ಬಲ್ಲವರು ಮಾತ್ರ ಕಡಮೆ.

ಮೊದಲು ಆ ದೇಶದ ಲೀಗಿನ ಏರ್ಪಾಟನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ತುದಿಯಲ್ಲಿ 20 ತಂಡಗಳ ಪ್ರಥಮ ದರ್ಜೆ. ಅದರ ಕೆಳಗೆ 22 ತಂಡಗಳ ದ್ವಿತೀಯ ದರ್ಜೆ. ಈ ದ್ವಿತೀಯ ದರ್ಜೆಯಲ್ಲಿ ಪ್ರತಿಯೊಂದು ತಂಡವೂ ಆಗಸ್ಟಿನಿಂದ ಜೂನ್ ತಿಂಗಳವರೆಗೆ 42 ಪಂದ್ಯಗಳನ್ನು ಆಡಬೇಕು. ಅದರ ಕೆಳಗೆ, 1977ರಲ್ಲಿ ಆರಂಭವಾಗಿ 2021ರವರೆಗೆ ಬಾಳಿದ ‘ಸೆಗುಂದಾ ಬಿ’ ಎಂಬ ಮೂರನೆಯ ಅಂತಸ್ತಿನಲ್ಲಿ ಎಂಬತ್ತರಷ್ಟು ತಂಡಗಳು ಪ್ರಾಂತಾನುಸಾರವಾಗಿ ನಾಲ್ಕು ಗುಂಪುಗಳಲ್ಲಿ ಸೆಣಸುತ್ತಿದ್ದವು. ಅದಕ್ಕೂ ಕೆಳಗಿನ ಅಂತಸ್ತಿನಲ್ಲಿ ಹದಿನೆಂಟು ಗುಂಪುಗಳಿದ್ದವು. ಇಷ್ಟು ಅಂತಸ್ತುಗಳ ನಡುವೆ ವರ್ಷವರ್ಷವೂ ಏರುವವರು ಏರುತ್ತಾರೆ, ಇಳಿಯುವವರು ಇಳಿಯುತ್ತಾರೆ. ಪ್ರಥಮ ದರ್ಜೆಯಿಂದ ಒಂದು ಮೆಟ್ಟಿಲು ಇಳಿದರೆ ದೂರದರ್ಶನದವರು ಕೊಡುವ ಹಣ ಕರಗುತ್ತದೆ. ಇನ್ನೊಂದು ಮೆಟ್ಟಿಲು ಇಳಿದರೆ ಆ ಹಣ ಬಹುಮಟ್ಟಿಗೆ ಇಲ್ಲವೇ ಆಗಿ, ಕ್ಲಬ್ಬಿನ ಬದುಕು ಬಾಗಿಲಲ್ಲಿ ಮಾರುವ ಟಿಕೆಟ್ಟು, ಊರಿನ ವರ್ತಕರ ಜಾಹೀರಾತು, ಪುರಸಭೆಯ ಕೃಪೆ ಇವುಗಳನ್ನೇ ಅವಲಂಬಿಸಬೇಕಾಗುತ್ತದೆ. ಆದ್ದರಿಂದ ಆಟಗಾರನ ಕರಾರು ಒಂದು ವರ್ಷದ್ದೋ ಎರಡು ವರ್ಷದ್ದೋ ಆಗಿರುವುದೇ ಸಾಮಾನ್ಯ. ಮೇ ತಿಂಗಳು ಬಂತೆಂದರೆ ತಾನು ಮುಂದಿನ ವರ್ಷ ಯಾವ ಊರಿನಲ್ಲಿ ಮನೆ ಹಿಡಿಯಬೇಕು, ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕು ಎಂಬ ಯೋಚನೆ ಅವನ ತಲೆಯನ್ನು ಹೊಕ್ಕಿರುತ್ತದೆ.

ಇಂಥ ಲೋಕದಲ್ಲಿ ಗೋಲು ಹೊಡೆಯುವವನಿಗೆ ಒಂದು ಅನುಕೂಲವುಂಟು: ಅವನ ಕೆಲಸವನ್ನು ಅಂಕೆಯಲ್ಲಿ ಬರೆದು ತೋರಿಸಬಹುದು. ಗೋಲು ಕಾಯುವವನ ಸಾಹಸವನ್ನೂ ಜನ ಕಣ್ಣಾರೆ ಕಾಣುತ್ತಾರೆ. ಮಧ್ಯರಂಗದಲ್ಲಿ, ಅದರಲ್ಲಿಯೂ ರಕ್ಷಕರ ಮುಂಭಾಗದಲ್ಲಿ ನಿಂತು ಆಡುವವನ ಕೆಲಸ ಹೀಗೆ ಲೆಕ್ಕಕ್ಕೆ ದೊರಕುವಂಥದಲ್ಲ. ಹಿಂದಿನವರಿಂದ ಚೆಂಡನ್ನು ಪಡೆಯುವುದು, ಪಡೆಯುವ ಮೊದಲೇ ಹೆಗಲ ಮೇಲಿಂದ ಹಿಂದಿರುಗಿ ನೋಡಿ ಎದುರಾಳಿ ಎಲ್ಲಿದ್ದಾನೆ, ತನ್ನವನು ಎಲ್ಲಿಗೆ ಓಡುತ್ತಿದ್ದಾನೆ ಎಂಬುದನ್ನು ಮನಸ್ಸಿನಲ್ಲಿ ಗುರುತಿಸಿಕೊಳ್ಳುವುದು, ಒಂದೇ ಸ್ಪರ್ಶದಿಂದ ಅದನ್ನು ಬಲಕ್ಕೋ ಎಡಕ್ಕೋ ದಾಟಿಸುವುದು, ದಾಟಿಸಿದ ಮರುಗಳಿಗೆಯಲ್ಲಿಯೇ ಮತ್ತೆ ಬಂದರೆ ಪಡೆಯಲು ಅನುವಾಗುವಂತೆ ನಾಲ್ಕು ಹೆಜ್ಜೆ ಸರಿದು ನಿಲ್ಲುವುದು, ಆಟದ ವೇಗ ಮಿತಿಮೀರಿದಾಗ ಅದನ್ನು ತಡೆದು ನಿಧಾನಗೊಳಿಸುವುದು, ಜಡವಾದಾಗ ಒಂದು ನೀಳವಾದ ಪಾಸಿನಿಂದ ಎಚ್ಚರಿಸುವುದು. ಪಂದ್ಯವೊಂದರಲ್ಲಿ ಹತ್ತಾರು ಬಾರಿ ಹೀಗೆ ಮಾಡಿ, ಮರುದಿನ ಪತ್ರಿಕೆಯಲ್ಲಿ ತನ್ನ ಹೆಸರು ಹನ್ನೊಂದು ಜನರ ಪಟ್ಟಿಯಲ್ಲಿ ಬಿಟ್ಟು ಬೇರೆಲ್ಲಿಯೂ ಕಾಣದಿದ್ದರೂ ಆತ ತನ್ನ ಕರ್ತವ್ಯವನ್ನು ಸರಿಯಾಗಿಯೇ ಮಾಡಿದನೆಂದು ತಿಳಿಯಬೇಕು. ಸಂಗೀತ ಕಚೇರಿಯಲ್ಲಿ ತಂಬೂರಿಯ ಶ್ರುತಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲವಷ್ಟೆ. ಅದು ಕದಲಿದರೆ ಮಾತ್ರ ಸಭೆಗೆಲ್ಲ ಗೊತ್ತಾಗುತ್ತದೆ.

ಡಿಮಾಸ್ ಹುಟ್ಟಿದ್ದು 1983ರ ಫೆಬ್ರವರಿಯಲ್ಲಿ, ಸಾಂತಾ ಕೊಲೋಮಾ ದೆ ಗ್ರಾಮನೆತ್ ಎಂಬ ಊರಿನಲ್ಲಿ. ಬೆಸೋಸ್ ಎಂಬ ನದಿಯನ್ನು ದಾಟಿದರೆ ಬಾರ್ಸಿಲೋನಾ ನಗರವೇ. ಆದರೆ ಆ ನಗರದ ಸಮುದ್ರತೀರದ ವಿಲಾಸಕ್ಕೂ ಈ ಊರಿಗೂ ಬಹಳ ಅಂತರ. ಕಳೆದ ಶತಮಾನದ ಮಧ್ಯಭಾಗದಲ್ಲಿ ಆಂದಲೂಸಿಯಾ ಮೊದಲಾದ ದಕ್ಷಿಣದ ಬಡ ಪ್ರಾಂತಗಳಿಂದ ಕೆಲಸವನ್ನರಸಿ ರೈಲಿನಲ್ಲಿ ಬಂದ ಸಾವಿರಾರು ಕುಟುಂಬಗಳು ನೆಲೆ ನಿಂತು ಕಟ್ಟಿದ ಊರು ಅದು. ಇಕ್ಕಟ್ಟಾದ ಬೀದಿಗಳು, ಏರು ದಿಣ್ಣೆಗಳ ಮೇಲೆ ಒತ್ತೊತ್ತಾಗಿ ಎದ್ದ ಎತ್ತರದ ವಠಾರಗಳು, ಕಾರ್ಖಾನೆಗಳಲ್ಲಿಯೂ ಕಟ್ಟಡದ ಕೆಲಸಗಳಲ್ಲಿಯೂ ದುಡಿದು ಬರುವ ಜನ. ಇಂಥ ಊರುಗಳಲ್ಲಿ ಹುಡುಗನ ಕಾಲಿಗೆ ಚೆಂಡು ಸಿಕ್ಕಿದರೆ ಮನೆಯವರ ಆಸೆ ನದಿಯಾಚೆಯ ಮಹಾಕ್ಲಬ್ಬಿನ ಕಡೆಗೆ ಹೋಗುವುದು ಸಹಜ. ಡಿಮಾಸರ ಪಾಲಿಗೆ ಆ ಆಸೆ ಅರ್ಧ ಕೈಗೂಡಿತು. ಅವರು ಬಾರ್ಸಿಲೋನಾ ಕ್ಲಬ್ಬಿನ ‘ಬಿ’ ತಂಡದವರೆಗೆ ಏರಿದರು.

ಈ ‘ಬಿ’ ತಂಡಗಳ ವಿಚಾರ ಸ್ಪೇನಿನ ವೈಶಿಷ್ಟ್ಯ. ಇಂಗ್ಲೆಂಡಿನಲ್ಲಿ ದೊಡ್ಡ ಕ್ಲಬ್ಬುಗಳ ಕಿರಿಯರು ತಮ್ಮತಮ್ಮಲ್ಲಿಯೇ ಬೇರೊಂದು ಲೀಗಿನಲ್ಲಿ ಆಡಿಕೊಳ್ಳುತ್ತಾರೆ. ಸ್ಪೇನಿನಲ್ಲಿಯಾದರೋ ಅವರ ತಂಡವು ವಯಸ್ಕರ ಲೀಗಿನ ಕೆಳದರ್ಜೆಗಳಲ್ಲಿಯೇ ಸೇರಿ, ಮೂವತ್ತು ದಾಟಿದ ಗಟ್ಟಿಗರ ಎದುರಿಗೆ, ಊರೂರಿನ ಅಭಿಮಾನಿಗಳ ಬೈಗುಳವನ್ನು ಕೇಳಿಕೊಂಡು ಆಡಬೇಕು. ತಾಯಿತಂಡವಿರುವ ದರ್ಜೆಗೆ ಮಾತ್ರ ಅದು ಏರುವಂತಿಲ್ಲ. ಬಾರ್ಸಿಲೋನಾದ ‘ಬಿ’ ತಂಡ ಆಗ ಆಡುತ್ತಿದ್ದುದು ಮಿನಿ ಎಸ್ತಾದಿ ಎಂಬ ಪುಟ್ಟ ಕ್ರೀಡಾಂಗಣದಲ್ಲಿ. ಕ್ಯಾಂಪ್ ನೌ ಎಂಬ ಮಹಾಕ್ರೀಡಾಂಗಣವು ಅದರ ಪಕ್ಕದಲ್ಲಿಯೇ, ನಡುವೆ ಒಂದು ಬೀದಿ, ಬೀದಿಯ ಮೇಲೆ ದಾಟಲು ಒಂದು ಕಾಲುಸೇತುವೆ ಇದ್ದವು. ಆ ಸೇತುವೆಯನ್ನು ಆಟಗಾರನಾಗಿ ದಾಟಿದವರು ಎಷ್ಟು ಸ್ವಲ್ಪ! ಡಿಮಾಸರ ಕಾಲದಲ್ಲಿ ಆ ಕಡೆಯ ಮಧ್ಯರಂಗದಲ್ಲಿ ಶಾವಿ, ಡೆಕೊ, ಡಿಮಾಸರಿಗಿಂತ ಒಂದು ವರ್ಷ ಚಿಕ್ಕವರಾದ ಇನಿಯೆಸ್ತಾ ನಿಂತಿದ್ದರು. 2004ರ ಸುಮಾರಿನಲ್ಲಿ ಅದೇ ‘ಬಿ’ ತಂಡದಿಂದ ಮೆಸ್ಸಿ ಎಂಬ ಹದಿನೇಳರ ಹುಡುಗನೊಬ್ಬ ದಾಟಿಹೋದ. ಆ ಸಾಲಿನಲ್ಲಿ ಸ್ಥಳ ದೊರೆಯಲಿಲ್ಲವೆಂಬುದು ಯಾವ ಆಟಗಾರನಿಗೂ ಅವಮಾನದ ಸಂಗತಿಯಲ್ಲ. ಆದರೂ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಬಾಲ್ಯದಿಂದ ಕಂಡ ಕನಸನ್ನು ಅಲ್ಲಿಗೆ ಬಿಟ್ಟು, ಗಂಟುಮೂಟೆ ಕಟ್ಟಿ ಹೊರಡಬೇಕಾಗುವುದು ಸುಲಭದ ಮಾತಲ್ಲ. ನೂರಾರು ಹುಡುಗರು ಆ ಘಟ್ಟದಲ್ಲಿ ಮನಮುರಿದು ಆಟವನ್ನೇ ಬಿಡುತ್ತಾರೆ. ಡಿಮಾಸ್ ಸೋರಿಯಾಕ್ಕೆ ಹೋದರು.

ಸೋರಿಯಾ ಎಂಬುದು ಕಾಸ್ಟೀಲ್ ಪ್ರಸ್ಥಭೂಮಿಯ ಈಶಾನ್ಯದ ಮೂಲೆಯಲ್ಲಿ, ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ, ದುಎರೋ ನದಿಯ ದಂಡೆಯಲ್ಲಿರುವ ಪಟ್ಟಣ. ಜನಸಂಖ್ಯೆ ಸುಮಾರು ನಲವತ್ತು ಸಾವಿರ. ಅದರ ಸುತ್ತಣ ಪ್ರಾಂತವೋ ಐರೋಪ್ಯ ಖಂಡದಲ್ಲಿಯೇ ಅತ್ಯಂತ ವಿರಳ ವಸತಿಯ ಪ್ರದೇಶಗಳಲ್ಲೊಂದು, ಚದರ ಕಿಲೋಮೀಟರಿಗೆ ಹತ್ತು ಜನರೂ ಇಲ್ಲ. ಹಳ್ಳಿಗಳು ಬರಿದಾಗುತ್ತಿವೆ, ಶಾಲೆಗಳು ಮುಚ್ಚುತ್ತಿವೆ, ಚಳಿಗಾಲದ ಗಾಳಿ ಮಾತ್ರ ಹಿಂದಿನಂತೆಯೇ ಬೀಸುತ್ತಿದೆ. ಮಹಾಕವಿ ಅಂತೋನಿಯೊ ಮಚಾದೊ 1907ರಲ್ಲಿ ಫ್ರೆಂಚ್ ಭಾಷೆಯ ಅಧ್ಯಾಪಕರಾಗಿ ಈ ಊರಿಗೆ ಬಂದು, ಇಲ್ಲಿಯೇ ಮದುವೆಯಾಗಿ, 1912ರಲ್ಲಿ ಎಳೆವಯಸ್ಸಿನ ಪತ್ನಿಯನ್ನು ಇಲ್ಲಿಯೇ ಕಳೆದುಕೊಂಡು ದುಃಖಿತರಾಗಿ ತೆರಳಿದರು; ಆ ಬೋಳು ಗುಡ್ಡಗಳ, ಆ ನದಿಯ, ಆ ಬಡ ರೈತರ ಚಿತ್ರ ಅವರ ಕಾವ್ಯದಲ್ಲಿ ಅಮರವಾಗಿ ಉಳಿದಿದೆ.

ಪಟ್ಟಣದಿಂದ ಕೆಲವೇ ಮೈಲಿ ದೂರದ ದಿಬ್ಬವೊಂದರ ಮೇಲೆ ನುಮಾನ್ಸಿಯಾ ಎಂಬ ಪ್ರಾಚೀನ ನಗರದ ಅವಶೇಷಗಳಿವೆ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ರೋಮನ್ ಸೇನೆಗಳನ್ನು ಮತ್ತೆ ಮತ್ತೆ ಹಿಮ್ಮೆಟ್ಟಿಸಿ, ಕಡೆಗೆ ಸ್ಕಿಪಿಯೊ ಏಮಿಲಿಯಾನಸ್ ಎಂಬ ದಂಡನಾಯಕ ಸುತ್ತಲೂ ಗೋಡೆ ಕಟ್ಟಿ ಶಿಬಿರಗಳನ್ನು ಹೂಡಿ ತಿಂಗಳುಗಟ್ಟಲೆ ಅನ್ನ ನೀರು ತಡೆದ ಮೇಲೆ, ಕ್ರಿ. ಪೂ. 133ರಲ್ಲಿ ಅಳಿದುಹೋದ ಜನಾಂಗದ ರಾಜಧಾನಿ ಅದು. ಶತ್ರುವಿಗೆ ಸೆರೆಯಾಗಲು ಒಲ್ಲದೆ ಅನೇಕರು ತಮ್ಮ ಕೈಯಿಂದಲೇ ಪ್ರಾಣ ನೀಗಿದರೆಂದು ಪೂರ್ವಿಕ ಇತಿಹಾಸಕಾರರು ಬರೆದಿದ್ದಾರೆ. ಸೆರ್ವಾಂತಿಸ್ ಈ ಮುತ್ತಿಗೆಯನ್ನು ಕುರಿತು ದುರಂತನಾಟಕವೊಂದನ್ನು ರಚಿಸಿದ್ದಾನೆ. 1945ರಲ್ಲಿ ಸೋರಿಯಾದವರು ಕಾಲ್ಚೆಂಡಾಟದ ಕ್ಲಬ್ಬನ್ನು ಸ್ಥಾಪಿಸಿದಾಗ ಅದಕ್ಕೆ ಕೊಟ್ಟ ಹೆಸರು ನುಮಾನ್ಸಿಯಾ. ಹೆಸರಿಗೆ ತಕ್ಕ ಛಲ ಆ ಕ್ಲಬ್ಬಿನಲ್ಲಿಯೂ ಇದ್ದಿತೆಂದು ಹೇಳಬೇಕು. 1996ರಲ್ಲಿ, ಮೂರನೆಯ ಅಂತಸ್ತಿನ ತಂಡವಾಗಿದ್ದಾಗಲೇ, ರಾಜಕಪ್ ಪಂದ್ಯಾವಳಿಯಲ್ಲಿ ಪ್ರಥಮ ದರ್ಜೆಯ ತಂಡಗಳನ್ನು ಒಂದಾದಮೇಲೊಂದರಂತೆ ಸೋಲಿಸಿ ಕ್ವಾರ್ಟರ್ ಫೈನಲ್ ತಲಪಿ, ಯೋಹಾನ್ ಕ್ರೈಫ್ ತರಬೇತುದಾರರಾಗಿದ್ದ ಬಾರ್ಸಿಲೋನಾವನ್ನು ತನ್ನ ಅಂಗಣದಲ್ಲಿ 2-2ಕ್ಕೆ ತಡೆದು ನಿಲ್ಲಿಸಿತು. ಎರಡನೆಯ ಪಂದ್ಯದಲ್ಲಿ ಸೋತರೂ ದೇಶವೆಲ್ಲ ಆ ಹೆಸರನ್ನು ಕೇಳಿತು. ಮೂರು ವರ್ಷಗಳ ತರುವಾಯ ಅದು ಪ್ರಥಮ ದರ್ಜೆಗೂ ಏರಿತು.

ಡಿಮಾಸ್ ಸೇರಿದ್ದು 2007ರಲ್ಲಿ. ಆ ಋತುವಿನಲ್ಲಿ ಗೊನ್ಸಾಲೊ ಅರ್ಕೊನಾದಾ ಎಂಬುವರ ತರಬೇತಿಯಲ್ಲಿ ನುಮಾನ್ಸಿಯಾ ದ್ವಿತೀಯ ದರ್ಜೆಯಲ್ಲಿ ಎಲ್ಲರಿಗಿಂತ ಮೇಲೆ ನಿಂತು ಮತ್ತೊಮ್ಮೆ ಪ್ರಥಮ ದರ್ಜೆಯನ್ನು ಪ್ರವೇಶಿಸಿತು. ಮರುವರ್ಷದ ಮೊದಲನೆಯ ಪಂದ್ಯ, 2008ರ ಆಗಸ್ಟ್ 31ರಂದು, ಸೋರಿಯಾದ ಪುಟ್ಟ ಕ್ರೀಡಾಂಗಣ. ಎದುರಾಳಿ ಬಾರ್ಸಿಲೋನಾ, ಅದರ ಹೊಸ ತರಬೇತುದಾರ ಪೆಪ್ ಗಾರ್ಡಿಯೋಲಾ, ಅವರಿಗೆ ಅದೇ ಲೀಗಿನ ಮೊತ್ತಮೊದಲ ಪಂದ್ಯ. ಮಾರಿಯೊ ಎಂಬಾತ ಹೊಡೆದ ಒಂದೇ ಒಂದು ಗೋಲಿನಿಂದ ನುಮಾನ್ಸಿಯಾ ಗೆದ್ದಿತು. ಆ ವರ್ಷ ಲೀಗು, ರಾಜಕಪ್, ಯೂರೋಪಿನ ಚಾಂಪಿಯನ್ಸ್ ಲೀಗು ಮೂರನ್ನೂ ಗೆದ್ದು ಸರ್ವಕಾಲದ ಶ್ರೇಷ್ಠ ತಂಡಗಳ ಸಾಲಿಗೆ ಸೇರಿದ ಬಾರ್ಸಿಲೋನಾದ ದಿಗ್ವಿಜಯಯಾತ್ರೆ ಹೀಗೆ ನಲವತ್ತು ಸಾವಿರ ಜನರ ಊರಿನಲ್ಲಿ ಸೋಲಿನಿಂದ ಆರಂಭವಾಯಿತೆಂಬುದು ಇತಿಹಾಸದಲ್ಲಿ ದಾಖಲಾಗಿ ಉಳಿದಿದೆ. ಹಿಂದಿನ ವರ್ಷದವರೆಗೆ ಕಾಲುಸೇತುವೆಯ ಈಚೆಗೆ ನಿಂತಿದ್ದ ಹುಡುಗ ಈಗ ಆ ವಿಜಯೀ ತಂಡದ ಬಳಗದಲ್ಲಿದ್ದ. ಆದರೆ ಸಣ್ಣ ಊರಿಗೆ ಪ್ರಥಮ ದರ್ಜೆಯಲ್ಲಿ ನೆಲೆಯೂರುವಷ್ಟು ಹಣವೆಲ್ಲಿಂದ ಬರಬೇಕು? ಋತುವಿನ ಕೊನೆಗೆ ನುಮಾನ್ಸಿಯಾ 19ನೆಯ ಸ್ಥಾನದಲ್ಲಿ ನಿಂತು ಕೆಳಗಿಳಿಯಿತು. ಪ್ರಥಮ ದರ್ಜೆಯಲ್ಲಿ ಡಿಮಾಸರಿಗೆ ಲಭಿಸಿದ್ದು ಆ ಒಂದೇ ಒಂದು ವರ್ಷ. ಮುಂದೆ ಸೋರಿಯಾದಲ್ಲಿಯೇ ಇದ್ದು ದ್ವಿತೀಯ ದರ್ಜೆಯ ಆಟವನ್ನು ಆಡಿದರು.

ಅಲ್ಲಿಂದ ಅವರು ಹೋದುದು ಮೆಡಿಟರೇನಿಯನ್ ತೀರದ ಕಾರ್ತಹೇನಾಕ್ಕೆ. ಇದೊಂದು ಚಮತ್ಕಾರ: ನುಮಾನ್ಸಿಯಾವನ್ನು ಅಳಿಸಿದ ಸ್ಕಿಪಿಯೊವಿನ ದತ್ತು ಪಿತಾಮಹನಾದ ಇನ್ನೊಬ್ಬ ಸ್ಕಿಪಿಯೊ ಕ್ರಿ. ಪೂ. 209ರಲ್ಲಿ ಕಾರ್ತೇಜಿನವರಿಂದ ಗೆದ್ದುಕೊಂಡ ರೇವುಪಟ್ಟಣವದು. ಇಂದು ಸ್ಪೇನಿನ ನೌಕಾದಳದ ಒಂದು ಮುಖ್ಯ ನೆಲೆ. ಆಟದ ಮಟ್ಟಿಗೆ ಹೇಳುವುದಾದರೆ ಅಲ್ಲಿನ ವಾಸ ಹೆಚ್ಚು ಸಂತೋಷದ್ದಾಗಲಿಲ್ಲ. 2012ರಲ್ಲಿ ಆ ಕ್ಲಬ್ಬು ದ್ವಿತೀಯ ದರ್ಜೆಯನ್ನು ಕಳೆದುಕೊಂಡಿತು.

ಅದೇ ಕಾಲದ ಒಂದು ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. 2011ರ ಆಗಸ್ಟಿನಲ್ಲಿ, ಹೊಸ ಋತು ಆರಂಭವಾಗಬೇಕಾಗಿದ್ದ ವಾರದಲ್ಲಿ, ಸ್ಪೇನಿನ ಪ್ರಥಮ ಮತ್ತು ದ್ವಿತೀಯ ದರ್ಜೆಗಳ ಆಟಗಾರರೆಲ್ಲರೂ ಮುಷ್ಕರ ಹೂಡಿದರು. ಕೋಟ್ಯಧೀಶರು ಮುಷ್ಕರ ಹೂಡುವುದೆಂದರೇನು ಎಂದು ಆಗ ಹೊರಗಿನವರು ಆಡಿದ ಮಾತು ಅಜ್ಞಾನದ ಮಾತು. ಆಟಗಾರರ ಸಂಘದವರ ಹೇಳಿಕೆಯಂತೆ ಸುಮಾರು 200 ಆಟಗಾರರಿಗೆ ಕ್ಲಬ್ಬುಗಳು ಕೊಡಬೇಕಾಗಿದ್ದ ಸಂಬಳದ ಬಾಕಿ ಸುಮಾರು 5 ಕೋಟಿ ಯೂರೋಗಳಷ್ಟಿತ್ತು. ಆ ದೇಶದ ಕಟ್ಟಡ ವ್ಯಾಪಾರ 2008ರ ಆರ್ಥಿಕ ಕುಸಿತದಲ್ಲಿ ಮುರಿದು ಬಿದ್ದಿತ್ತು. ಊರಿನ ಕಟ್ಟಡ ಕಂತ್ರಾಟುದಾರರ ಹಣದಿಂದ ನಡೆಯುತ್ತಿದ್ದ ಕ್ಲಬ್ಬುಗಳು ಒಂದರ ಹಿಂದೊಂದು ನ್ಯಾಯಾಲಯದ ಆಡಳಿತಕ್ಕೆ ಒಳಗಾದವು. ಕರಾರಿನಲ್ಲಿ ಬರೆದ ಸಂಬಳ ಕಾಗದದ ಮೇಲೆಯೇ ಉಳಿಯಿತು. ಈ ಪೆಟ್ಟು ಬಿದ್ದುದು ಮುಖ್ಯವಾಗಿ ಸಣ್ಣ ಕ್ಲಬ್ಬುಗಳವರ ಮೇಲೆ. ಅವರ ಪರವಾಗಿ ಕಸಿಯಾಸ್, ಪುಯೋಲ್ ಮೊದಲಾದ ರಾಷ್ಟ್ರೀಯ ತಂಡದ ಪ್ರಸಿದ್ಧರೂ ಸಂಘದವರ ಜೊತೆಯಲ್ಲಿ ನಿಂತುದರಿಂದ ಮೊದಲ ಸುತ್ತಿನ ಪಂದ್ಯಗಳು ನಡೆಯಲಿಲ್ಲ. ಸಂಬಳಕ್ಕೆ ಭದ್ರತೆ ಕೊಡುವ ಒಪ್ಪಂದವಾದ ಮೇಲೆಯೇ ಆಟ ಸಾಗಿತು. ಹಿರಿಯರು ಕಿರಿಯರ ಅನ್ನಕ್ಕಾಗಿ ನಿಂತ ಈ ಪ್ರಸಂಗವನ್ನು ನಾನು ಆ ದೇಶದ ಎಷ್ಟೋ ಕಪ್ಪುಗಳಿಗಿಂತ ಮಿಗಿಲಾದ ವಿಜಯವೆಂದು ಎಣಿಸುತ್ತೇನೆ.

ಡಿಮಾಸರ ಮುಂದಿನ ಕ್ಲಬ್ಬು ರೆಕ್ರಿಯಾತಿವೊ. ಊರು ಪೋರ್ಚುಗಲ್ ಗಡಿಗೆ ಸಮೀಪವಾದ ವೆಲ್ವಾ. ಸ್ಪೇನಿನ ಕಾಲ್ಚೆಂಡಾಟದ ತವರು ಅದೇ. 1873ರಲ್ಲಿ ರಿಯೊ ತಿಂತೊ ಎಂಬಲ್ಲಿನ ತಾಮ್ರದ ಗಣಿಗಳನ್ನು ಬ್ರಿಟಿಷ್ ಕಂಪನಿಯೊಂದು ಕೊಂಡುಕೊಂಡಿತು. ಅದರ ಎಂಜಿನಿಯರುಗಳೂ ಗುಮಾಸ್ತರೂ ತಮ್ಮೊಡನೆ ತಮ್ಮ ಆಟವನ್ನೂ ತಂದರು. ವಿಲಿಯಂ ಮೆಕೇ ಎಂಬ ಸ್ಕಾಟ್‌ಲೆಂಡಿನ ವೈದ್ಯರು ಮೊದಲಾದವರು ಸೇರಿ 1889ರಲ್ಲಿ ಸ್ಥಾಪಿಸಿದ ಈ ಕ್ಲಬ್ಬನ್ನು ಇಂದಿಗೂ ಸ್ಪೇನಿನವರೆಲ್ಲರೂ ‘ಹಿರಿಯ’ ಎಂದೇ ಗೌರವದಿಂದ ಕರೆಯುತ್ತಾರೆ. ಗಣಿಯ ಹಿಂದೆ ಆಟ ಬಂದ ಈ ಕತೆ ಕೋಲಾರದ ಚಿನ್ನದ ಗಣಿಯ ಬಯಲುಗಳನ್ನು ಬಲ್ಲ ನಮ್ಮವರಿಗೆ ಹೊಸದೆನಿಸಲಾರದು. ಇಷ್ಟು ಹಿರಿಮೆಯ ಕ್ಲಬ್ಬು ತನ್ನ ಬಾಳಿನ ಬಹುಭಾಗವನ್ನು ಕೆಳದರ್ಜೆಗಳಲ್ಲಿಯೇ ಕಳೆದಿದೆ. 2006ನೆಯ ಸಾಲಿನಲ್ಲಿ ಸಾಂತಿ ಕಸೋರ್ಲಾ ಎಂಬ ಯುವಕ ಅಲ್ಲಿ ಒಂದು ವರ್ಷ ಅಮೋಘವಾಗಿ ಆಡಿ, ಪ್ರಥಮ ದರ್ಜೆಯಲ್ಲಿ ಕ್ಲಬ್ಬಿಗೆ ಎಂಟನೆಯ ಸ್ಥಾನ ದೊರಕಿಸಿ, ಕೀರ್ತಿಯ ಕಡೆಗೆ ನಡೆದುಹೋದ. ಡಿಮಾಸ್ ಸೇರುವ ವೇಳೆಗೆ ಆ ದಿನಗಳು ಮುಗಿದು, ಕ್ಲಬ್ಬು ದ್ವಿತೀಯ ದರ್ಜೆಯಲ್ಲಿ ಸಾಲದ ಹೊರೆಯ ಕೆಳಗೆ ಏದುತ್ತಿತ್ತು. 2015ರಲ್ಲಿ ಅದು ಮೂರನೆಯ ಅಂತಸ್ತಿಗೆ ಬಿದ್ದಿತು. ಮರುವರ್ಷ, ಕ್ಲಬ್ಬು ಮುಚ್ಚಿಯೇ ಹೋದೀತೆಂಬ ಭಯ ಹುಟ್ಟಿದಾಗ, ಊರಿನ ಜನ ಬೀದಿಗಿಳಿದರು. ವೆಲ್ವಾದ ನಗರಸಭೆ ಅದನ್ನು ಸಂಸ್ಕೃತಿಯ ಸ್ವತ್ತೆಂದು ಪರಿಗಣಿಸಿ ಷೇರುಗಳನ್ನು ಸ್ವಾಧೀನಪಡಿಸಿಕೊಂಡಿತು. ಕಾಲ್ಚೆಂಡಾಟದ ಕ್ಲಬ್ಬೊಂದನ್ನು ದೇವಾಲಯದಂತೆ, ಗ್ರಂಥಭಂಡಾರದಂತೆ, ಊರಿನ ಆಸ್ತಿಯೆಂದು ಬಗೆದು ಉಳಿಸಿಕೊಂಡ ಆ ಜನರ ಮುಂದೆ ಆಡುವುದು ಆಟಗಾರನಿಗೆ ಒಂದು ಪುಣ್ಯವೇ ಸರಿ.

ವೆಲ್ವಾದ ಸಮೀಪದ ಪಾಲೋಸ್ ರೇವಿನಿಂದಲೇ 1492ರ ಆಗಸ್ಟಿನಲ್ಲಿ ಕೊಲಂಬಸನು ಇಂಡಿಯಾವನ್ನು ಹುಡುಕಿಕೊಂಡು ಮೂರು ಹಡಗುಗಳಲ್ಲಿ ಹೊರಟದ್ದು; ಅವನು ಇಂಡಿಯಾವನ್ನು ಮುಟ್ಟಲಿಲ್ಲ. ಅದೇ ಊರಿನ ಕ್ಲಬ್ಬಿನಿಂದ 2015ರಲ್ಲಿ ಹೊರಟ ನಮ್ಮ ಆಟಗಾರ ಆಸ್ಟ್ರೇಲಿಯಾವನ್ನು ಸುತ್ತಿಕೊಂಡು ಮುಟ್ಟಿದರು. ಆಸ್ಟ್ರೇಲಿಯಾದಲ್ಲಿ ಅವರು ಸೇರಿದ್ದು ಸಿಡ್ನಿ ನಗರದ ಪಶ್ಚಿಮ ಭಾಗದ ವಾಂಡರರ್ಸ್ ತಂಡವನ್ನು; 2012ರಲ್ಲಿ ಹುಟ್ಟಿ 2014ರಲ್ಲಿಯೇ ಏಷ್ಯಾದ ಚಾಂಪಿಯನ್ ಪಟ್ಟವನ್ನು ಗೆದ್ದ ಆ ಕ್ಲಬ್ಬಿನ ಅಭಿಮಾನಿಗಳು ಬಹುತೇಕ ವಲಸೆ ಬಂದ ಶ್ರಮಜೀವಿಗಳು, ಸಾಂತಾ ಕೊಲೋಮಾದಲ್ಲಿ ಬೆಳೆದವರಿಗೆ ಪರಕೀಯರೆನಿಸದ ಜನ. ಮೊದಲನೆಯ ಋತುವಿನಲ್ಲಿ ತಂಡ ಎರಡನೆಯ ಸ್ಥಾನ ಗಳಿಸಿ ಮಹಾಫೈನಲ್ ತಲಪಿ, ಅಡಿಲೇಡಿಗೆ 3-1ರಿಂದ ಸೋತಿತು. ಎರಡು ವರ್ಷಗಳ ಬಳಿಕ ಅವರು ಬೆಂಗಳೂರಿಗೆ ಬಂದರು. ವಯಸ್ಸು 34.

ಬೆಂಗಳೂರು ಈ ಆಟಕ್ಕೆ ಹೊಸ ಊರಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬ್ರಿಟಿಷ್ ಪಡೆಗಳ ತಂಡಗಳನ್ನು ಹಿಂದಿಕ್ಕಿ ರೋವರ್ಸ್ ಕಪ್ ಗೆದ್ದುದು, ಮರುವರ್ಷ ಅದನ್ನೇ ಉಳಿಸಿಕೊಂಡುದು, 1946ರಲ್ಲಿ ಮೈಸೂರು ತಂಡ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿಯನ್ನು ತಂದುದು, ಆಸ್ಟಿನ್ ಟೌನ್, ಹಲಸೂರುಗಳ ಕೇರಿಗಳಿಂದ ಒಲಿಂಪಿಕ್ ಆಟಗಾರರು ಎದ್ದುಬಂದುದು, ಇವೆಲ್ಲ ಈ ನಗರದ ಚರಿತ್ರೆಗೆ ಸೇರಿದ ಸಂಗತಿಗಳು. ನಡುವೆ ಬಹುಕಾಲ ಮಂಕಾಗಿದ್ದ ಉತ್ಸಾಹವನ್ನು 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮತ್ತೆ ಕೆದಕಿತು. 2016ರಲ್ಲಿ ಆಲ್ಬರ್ಟ್ ರೋಕಾ ಎಂಬ ಕತಲಾನಿಯಾದವರು ತರಬೇತುದಾರರಾಗಿ ಬಂದು, ಅದೇ ವರ್ಷ ತಂಡವನ್ನು ಏಷ್ಯಾದ ಎಎಫ್‌ಸಿ ಕಪ್ ಫೈನಲ್‌ಗೆ ಕೊಂಡೊಯ್ದರು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಅಲ್ಲಿಯವರೆಗೆ ಹೋಗಿರಲಿಲ್ಲ. ರೋಕಾ ಹಿಂದೆ ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡರ ಸಹಾಯಕರಾಗಿದ್ದವರು. ಕಾಲುಸೇತುವೆಯ ಆಚೆ ಅವರು ದುಡಿಯುತ್ತಿದ್ದ ವರ್ಷಗಳಲ್ಲಿ ಈಚೆಗಿದ್ದ ಡಿಮಾಸರ ಬೆಲೆ ಅವರಿಗೆ ತಿಳಿಯದೆ ಹೋದೀತೆ? ಅಲ್ಲಿ ಬೇಕಾಗದೆ ಉಳಿದ ವಿದ್ಯೆ ಹತ್ತು ವರ್ಷಗಳ ಮೇಲೆ ಇಲ್ಲಿ ಬೇಕಾಯಿತು.

ಡಿಮಾಸರ ಆಟವನ್ನು ಕಂಠೀರವದಲ್ಲಿ ಕಂಡವರಿಗೆ ಮೊದಲು ತೋರುತ್ತಿದ್ದುದು ಅವರು ಓಡುತ್ತಿಲ್ಲವೆಂಬ ಭಾವನೆ. ದೇಹವೂ ದೊಡ್ಡದಲ್ಲ, ವೇಗವೂ ಹೆಚ್ಚಿಲ್ಲ. ಆದರೆ ಚೆಂಡು ಹೋಗಿ ಬರುವ ದಾರಿಗಳೆಲ್ಲ ಹೇಗೋ ಅವರ ಬಳಿಯಲ್ಲಿಯೇ ಕೂಡುತ್ತಿದ್ದವು. ಇದು ಬಾರ್ಸಿಲೋನಾದ ಅಂಗಣಗಳಲ್ಲಿ ಹುಡುಗರಿಗೆ ಪ್ರತಿದಿನವೂ ಕಲಿಸುವ ‘ರೊಂಡೊ’ ಎಂಬ ಅಭ್ಯಾಸದ ಫಲವೆಂದು ತೋರುತ್ತದೆ. ಹಲವರು ವೃತ್ತಾಕಾರವಾಗಿ ನಿಂತು, ನಡುವೆ ಇರುವ ಒಬ್ಬಿಬ್ಬರಿಗೆ ಸಿಕ್ಕದಂತೆ ಚೆಂಡನ್ನು ಒಂದೇ ಸ್ಪರ್ಶದಿಂದ ಸುತ್ತಿಸುವ ಆಟ ಅದು. ಅಲ್ಲಿ ಕಾಲಿಗಿಂತ ಮೊದಲು ಕಣ್ಣು ಪಳಗುತ್ತದೆ. ಜೊತೆಗಾರ ಎರಿಕ್ ಪಾರ್ಟಲು ಎತ್ತರದ ಆಳು, ಆಸ್ಟ್ರೇಲಿಯಾದವರು, ತಲೆಯಿಂದ ಗೆಲ್ಲುವವರು. ಡಿಮಾಸ್ ನೆಲದ ಮೇಲೆ ಗೆಲ್ಲುವವರು. ಈ ಇಬ್ಬರ ಬೆನ್ನಾಸರೆಯಲ್ಲಿ ಸುನಿಲ್ ಚೆಟ್ರಿ, ಮೀಕು, ಉದಾಂತ ಸಿಂಗ್ ಮುಂತಾದವರು ನಿಶ್ಚಿಂತೆಯಿಂದ ಮುಂದೆ ನುಗ್ಗುತ್ತಿದ್ದರು. 2017-18ರ ಇಂಡಿಯನ್ ಸೂಪರ್ ಲೀಗಿನಲ್ಲಿ ತಂಡ 18 ಪಂದ್ಯಗಳಿಂದ 40 ಅಂಕ ಗಳಿಸಿ ಪಟ್ಟಿಯ ತುದಿಯಲ್ಲಿ ನಿಂತಿತು. ಆದರೆ ಮಾರ್ಚ್ 17ರಂದು ಕಂಠೀರವದಲ್ಲಿಯೇ ನಡೆದ ಫೈನಲ್‌ನಲ್ಲಿ, ಒಂಬತ್ತನೆಯ ನಿಮಿಷದಲ್ಲಿ ಚೆಟ್ರಿಯವರ ಗೋಲಿನಿಂದ ಮುಂದಾಗಿದ್ದರೂ, ಎರಡು ಕಾರ್ನರ್ ಕಿಕ್ಕುಗಳಿಂದ ಬಂದ ಚೆಂಡನ್ನು ಮೈಲ್ಸನ್ ಆಲ್ವೆಸ್ ತಲೆಯಿಂದ ಒಳಗೆ ತಳ್ಳಿದ ಮೇಲೆ ಚೇತರಿಸಿಕೊಳ್ಳಲಾರದೆ 3-2ರಿಂದ ಚೆನ್ನೈಯವರಿಗೆ ಸೋತಿತು. ಮುಂದಿನ ತಿಂಗಳು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲನ್ನು 4-1ರಿಂದ ಸೋಲಿಸಿ ಸೂಪರ್ ಕಪ್ ಗೆದ್ದರೂ ಆ ನೋವು ಉಳಿದೇ ಇತ್ತು.

ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಮತ್ತೊಂದು ಫೈನಲ್, ರೋಕಾರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಈಗ ತರಬೇತುದಾರರು, ಎದುರಿಗೆ ಗೋವಾ. ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಸಮಯದ ಮೊದಲರ್ಧದ ಕೊನೆಯಲ್ಲಿ ಗೋವಾದ ಜಹೌ ಹೊರಹಾಕಲ್ಪಟ್ಟ ಮೇಲೂ ಗೋಲಿಲ್ಲ. 117ನೆಯ ನಿಮಿಷದಲ್ಲಿ ಬೆಂಗಳೂರಿಗೆ ಒಂದು ಕಾರ್ನರ್ ಕಿಕ್ ದೊರೆಯಿತು. ಎರಡು ಗಂಟೆಗಳ ಆಟದಿಂದ ಇಪ್ಪತ್ತರ ಹುಡುಗರೂ ಬಳಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಆ ಹೊತ್ತಿನಲ್ಲಿ, 36 ವರ್ಷ ತುಂಬಿದ್ದ ಡಿಮಾಸ್ ಮೂಲೆಯ ಬಾವುಟದ ಬಳಿಗೆ ನಡೆದುಹೋದರು. ಅವರ ಪಾದದಿಂದ ಬಾಗಿ ಬಂದ ಚೆಂಡಿಗೆ ರಾಹುಲ್ ಭೇಕೆ ಎಗರಿ ತಲೆಕೊಟ್ಟರು. ಚೆಂಡು ಕಂಬಕ್ಕೆ ತಗುಲಿ ಬಲೆಯೊಳಕ್ಕೆ ಬಿದ್ದಿತು. ಹಿಂದಿನ ವರ್ಷ ಕಾರ್ನರ್ ಕಿಕ್ಕಿನಿಂದ ಕೈತಪ್ಪಿದ ಪದವಿ ಕಾರ್ನರ್ ಕಿಕ್ಕಿನಿಂದಲೇ ಕೈಸೇರಿತು. ಅದೇ ಬೆಂಗಳೂರಿನ ಮೊದಲ ಐಎಸ್‌ಎಲ್ ಪಟ್ಟ. ಗೋಲು ಭೇಕೆಯವರ ಹೆಸರಿನಲ್ಲಿ ದಾಖಲಾಯಿತು, ಅದು ನ್ಯಾಯವೇ. ಆದರೆ ಅಂಥ ಬಳಲಿಕೆಯ ಗಳಿಗೆಯಲ್ಲಿ ಚೆಂಡನ್ನು ಗೋಲು ಕಾಯುವವನ ಕೈಗೆ ಎಟುಕದಂತೆ, ತನ್ನವನ ಹಣೆಗೆ ತಪ್ಪದಂತೆ ಇಡುವ ಕೌಶಲ ಒಂದು ಸಂಜೆಯಲ್ಲಿ ಹುಟ್ಟಿದ್ದಲ್ಲ. ಸೋರಿಯಾದ ಚಳಿಯಲ್ಲಿ, ಕಾರ್ತಹೇನಾದ ಸೋಲಿನಲ್ಲಿ, ವೆಲ್ವಾದ ಕಷ್ಟದಲ್ಲಿ, ವರ್ಷಕ್ಕೆ 42 ಪಂದ್ಯಗಳ ಪ್ರಕಾರ ಸಾಣೆ ಹಿಡಿಸಿಕೊಂಡದ್ದು.

ಮತ್ತೆರಡು ಋತುಗಳ ಕಾಲ ಅವರು ಇಲ್ಲಿ ಆಡಿದರು. ಕೊನೆಯ ಋತುವಿನ ಪಂದ್ಯಗಳೆಲ್ಲ ಸಾಂಕ್ರಾಮಿಕದ ಕಾರಣ ಗೋವೆಯಲ್ಲಿ, ಪ್ರೇಕ್ಷಕರಿಲ್ಲದ ಬರಿದಾದ ಅಂಗಣಗಳಲ್ಲಿ ನಡೆದುದರಿಂದ ಕಂಠೀರವದ ಜನ ಅವರನ್ನು ಎದ್ದು ನಿಂತು ಬೀಳ್ಕೊಡುವ ಅವಕಾಶ ಒದಗಲಿಲ್ಲವೆಂಬುದು ನನಗೆ ಇಂದಿಗೂ ಕೊರಗು. 2021ರಲ್ಲಿ ಅವರು ತಂಡವನ್ನು ಬಿಟ್ಟಾಗ ಅವರ ವಯಸ್ಸು 38. ಸ್ಪೇನಿನ ರಾಷ್ಟ್ರೀಯ ತಂಡಕ್ಕೆ ಅವರು ಎಂದೂ ಆಡಲಿಲ್ಲ, ಪ್ರಥಮ ದರ್ಜೆಯಲ್ಲಿ ಒಂದೇ ವರ್ಷ, ಗೋಲುಗಳೂ ಎಣಿಸುವಷ್ಟೇ. ಇಷ್ಟನ್ನೇ ಬರೆದಿಟ್ಟರೆ ಅದು ಸಾಮಾನ್ಯನೊಬ್ಬನ ಲೆಕ್ಕವೆಂದು ತೋರುತ್ತದೆ. ಅವರು ಆಡುವುದನ್ನು ಕಂಡ ನಾನು ಆ ಲೆಕ್ಕವನ್ನು ಒಪ್ಪುವುದಿಲ್ಲ. ಈ ನಗರದ ಕ್ಲಬ್ಬಿಗೆ ಹೊರದೇಶದಿಂದ ಬಂದ ಆಟಗಾರರಲ್ಲಿ ಆಟದ ಶಾಸ್ತ್ರವನ್ನು ನಮಗೆ ಅವರಷ್ಟು ಸ್ಪಷ್ಟವಾಗಿ ಓದಿ ತೋರಿಸಿದವರು ಇನ್ನೊಬ್ಬರಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೇಳುಗರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ನೀವು ಕಂಠೀರವಕ್ಕೋ, ಅಶೋಕನಗರದ ಮೈದಾನಕ್ಕೋ, ನಿಮ್ಮ ಊರಿನ ಕಾಲೇಜಿನ ಬಯಲಿಗೋ ಆಟ ನೋಡಲು ಹೋದಾಗ, ಹತ್ತು ನಿಮಿಷದ ಮಟ್ಟಿಗೆ ಚೆಂಡನ್ನು ಬಿಟ್ಟು, ರಕ್ಷಕರ ಮುಂದೆ ನಿಂತು ಆಡುವ ಆ ಒಬ್ಬ ಆಟಗಾರನನ್ನು ನೋಡಿ. ಚೆಂಡು ಬರುವ ಮೊದಲು ಅವನು ಎಷ್ಟು ಸಲ ಹಿಂದಿರುಗಿ ನೋಡುತ್ತಾನೆಂಬುದನ್ನು ಗಮನಿಸಿ. ಆಟ ಚೆನ್ನಾಗಿದ್ದರೆ ಅವನ ಹೆಸರನ್ನು ಕೇಳಿ ತಿಳಿದುಕೊಳ್ಳಿ, ನಿಮ್ಮ ಮಕ್ಕಳಿಗೂ ಹೇಳಿ.